ಬೊಗಳಿ ಹಿಂತೆಗೆದ ಮಾತು: ಪೋಲಿಷ್ ಹಾಗೂ ಸೈಲೀಷಿಯನ್ ಬೈಗುಳಗಳ ಚರಿತ್ರೆ

ಬೈಗುಳ ಜನರ ನಾಲಗೆಯ ತುದಿಯಲ್ಲಿ ಸದಾ ಇದ್ದರೂ ಜಾನಪದ ಸಂಗ್ರಹಗಳ ಪುಟಗಳಲ್ಲಿ ಅದಕ್ಕೆ ಸ್ಥಾನ ದೊರೆತದ್ದು ಬಹಳ ತಡವಾಗಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹಾಡು, ಕತೆ, ಗಾದೆ, ಒಗಟುಗಳನ್ನು ಊರೂರು ತಿರುಗಿ ಕಲೆಹಾಕಿದ ವಿದ್ವಾಂಸರು ಅಶ್ಲೀಲವೆನಿಸಿದ್ದನ್ನು ಸಾಮಾನ್ಯವಾಗಿ ಬದಿಗಿಟ್ಟರು. ಹೀಗೆ ಬದಿಗಿಟ್ಟದ್ದನ್ನು ಪ್ರಕಟಿಸಲೆಂದೇ 1883ರಿಂದ 'ಕ್ರಿಪ್ಟಾಡಿಯ' ಎಂಬ ಸಂಪುಟಮಾಲೆಯೂ 1904ರಿಂದ ಫ್ರೀಡ್ರಿಖ್ ಕ್ರೌಸ್‌ನ 'ಆಂತ್ರೊಪೊಫೈಟೆಯ'ವೂ ಹೊರಬಂದವು. ಅವು ವಿದ್ವಾಂಸರ ಕಿರುವಲಯಕ್ಕೆ ಮೀಸಲಾದ ಪ್ರಕಟಣೆಗಳು. ಪೋಲೆಂಡಿನ ಮಟ್ಟಿಗೆ ಇದರಲ್ಲೊಂದು ವಿಚಿತ್ರವಿದೆ. ಜಾನಪದ ವಿದ್ವಾಂಸರು ಬರೆದುಕೊಳ್ಳಲು ಹಿಂಜರಿದ ಮಾತುಗಳನ್ನು ಅದಕ್ಕೆ ನಾಲ್ಕೈದು ಶತಮಾನ ಮೊದಲೇ ನ್ಯಾಯಸ್ಥಾನಗಳ ಗುಮಾಸ್ತರು ಅಕ್ಷರ ಬಿಡದೆ ಬರೆದಿಟ್ಟಿದ್ದರು.

ಮಧ್ಯಯುಗದ ಪೋಲೆಂಡಿನಲ್ಲಿ ನ್ಯಾಯದ ಭಾಷೆ ಲ್ಯಾಟಿನ್. ಭೂಮಿಯ ಗಡಿ, ಸಾಲ, ವರದಕ್ಷಿಣೆ, ಕೊಲೆ ಎಲ್ಲವೂ ದಾಖಲಾಗುತ್ತಿದ್ದುದು ಆ ಭಾಷೆಯಲ್ಲೇ. ಎರಡು ಸಂದರ್ಭಗಳಲ್ಲಿ ಮಾತ್ರ ಆಡುನುಡಿ ಆ ಪುಟಗಳನ್ನು ಹೊಕ್ಕಿತು. ಒಂದು, ಸಾಕ್ಷಿಯು ಪ್ರಮಾಣ ಮಾಡುವಾಗ. ಹದಿನಾಲ್ಕನೆಯ ಶತಮಾನದ ಕೊನೆಯಿಂದ ದೊರೆಯುವ ಈ 'ರೋತಾ'ಗಳು, ಅಂದರೆ ಪ್ರಮಾಣವಾಕ್ಯಗಳು, ಪೋಲಿಷ್ ಗದ್ಯದ ಅತ್ಯಂತ ಹಳೆಯ ಮಾದರಿಗಳಲ್ಲಿ ಸೇರುತ್ತವೆ. ಇನ್ನೊಂದು, ಮಾನಹಾನಿಯ ದಾವೆಯಲ್ಲಿ. 'ಇವನು ಅವನ ಮಾನ ಕಳೆದನು' ಎಂದು ಲ್ಯಾಟಿನ್ನಿನಲ್ಲಿ ಬರೆದರೆ ದಾವೆ ನಿಲ್ಲುತ್ತಿರಲಿಲ್ಲ. ಅಪರಾಧವಿದ್ದುದೇ ಆಡಿದ ಪದದಲ್ಲಿ, ಆದ್ದರಿಂದ ಆ ಪದವೇ ಬೇಕಾಗಿತ್ತು. ಕಳ್ಳ, ದ್ರೋಹಿ, ಸೂಳೆಯ ಮಗ ಎಂಬ ಮಾತುಗಳು ಲ್ಯಾಟಿನ್ ವಾಕ್ಯಗಳ ನಡುವೆ ಪೋಲಿಷ್ ರೂಪದಲ್ಲೇ ಉಳಿದುಬಂದದ್ದು ಹೀಗೆ.

ಸೈಲೀಷಿಯ ಪ್ರಾಂತ್ಯದ ಹೆನ್ರಿಕುವ್ ಮಠದಲ್ಲಿ 1270ರ ಸುಮಾರಿಗೆ ಬರೆಯಲಾದ ಗ್ರಂಥದಲ್ಲಿ ಅತಿ ಪ್ರಾಚೀನವೆಂದು ಪರಿಗಣಿಸಲಾಗುವ ಪೋಲಿಷ್ ವಾಕ್ಯವೊಂದಿದೆ. ಬೋಗ್ವಾವ್ ಎಂಬ ಚೆಕ್ ರೈತ, ಬೀಸುಕಲ್ಲಿನ ಮುಂದೆ ದಣಿದ ಹೆಂಡತಿಯನ್ನು ಕಂಡು, ಆಕೆ ವಿಶ್ರಮಿಸಲಿ, ತಾನು ಬೀಸುತ್ತೇನೆ ಎಂದು ಹೇಳುವ ಮಾತು ಅದು. ಪಠ್ಯಪುಸ್ತಕಗಳು ಈ ಪ್ರಸಂಗವನ್ನು ದಾಂಪತ್ಯಪ್ರೇಮದ ಚಿತ್ರವಾಗಿ ಕೊಂಡಾಡುತ್ತವೆ. ಆದರೆ ಮಠದ ಲೇಖಕನು ಅದನ್ನು ಬರೆದ ಕಾರಣ ಬೇರೆ. ಹೆಂಗಸಿನ ಕೆಲಸ ಮಾಡಿದ ಗಂಡಸನ್ನು ನೆರೆಹೊರೆಯವರು 'ಬ್ರುಕಾವ್' ಎಂದು ಆಡಿಕೊಂಡರು. ಆ ಅಡ್ಡಹೆಸರೇ ಊರಿಗೆ ಅಂಟಿ ಅದು ಬ್ರುಕಾಲಿತ್ಸೆ ಆಯಿತು. ಲೇಖಕನಿಗೆ ಬೇಕಾಗಿದ್ದುದು ಆ ಊರ ಹೆಸರಿನ ವಿವರಣೆ, ಏಕೆಂದರೆ ಅಲ್ಲಿನ ಭೂಮಿಯ ಮೇಲೆ ಮಠಕ್ಕೆ ಹಕ್ಕು ಸ್ಥಾಪಿಸಬೇಕಾಗಿತ್ತು. ಭಾಷೆಯ ಮೊದಲ ವಾಕ್ಯವೆಂದು ಗೌರವಿಸಲ್ಪಡುವ ಮಾತು ಒಂದು ಗೇಲಿಯ ಹೆಸರಿಗೆ ಬರೆದ ಟಿಪ್ಪಣಿಯಾಗಿ ಉಳಿದಿದೆ.

ಬೆಂಚಿನ ಕೆಳಗೆ ಬೊಗಳುವುದು

ರಾಜ ಮಹಾ ಕಾಜಿಮೀರನ (ಆಳ್ವಿಕೆ 1333–1370) ಶಾಸನಸಂಹಿತೆಯಲ್ಲಿ ಬೈಗುಳಕ್ಕೆ ಪ್ರತ್ಯೇಕ ವಿಧಿಗಳಿವೆ. ಒಬ್ಬ ಕುಲೀನನು ಇನ್ನೊಬ್ಬ ಕುಲೀನನನ್ನು 'ಸೂಳೆಯ ಮಗ' ಎಂದು ಕರೆದು, ಕೂಡಲೇ ಹಿಂತೆಗೆದುಕೊಳ್ಳದೆ, ಆರೋಪವನ್ನು ಸಾಬೀತುಪಡಿಸಲೂ ಆಗದೆ ಹೋದರೆ, ಅವನನ್ನು ಕೊಂದಿದ್ದರೆ ತೆರಬೇಕಾಗಿದ್ದಷ್ಟೇ ದಂಡ ತೆರಬೇಕು: 60 ಗ್ರಿವ್ನ. ಗ್ರಿವ್ನ ಎಂಬುದು ಬೆಳ್ಳಿಯ ತೂಕದ ಲೆಕ್ಕ. ಅದೇ ಶಾಸನಗಳಲ್ಲಿ ರೈತನೊಬ್ಬನ ಕೊಲೆಗೆ ವಿಧಿಸಿದ ದಂಡ ಇದಕ್ಕಿಂತ ಬಹಳ ಕಡಿಮೆ. ಅಂದರೆ ಕುಲೀನನ ತಾಯಿಯ ಬಗ್ಗೆ ಆಡಿದ ಒಂದು ಪದದ ಬೆಲೆ ರೈತನ ಜೀವದ ಬೆಲೆಯನ್ನು ಮೀರಿತ್ತು. ಪೋಲಿಷ್ ಕಾನೂನು ಚರಿತ್ರೆಯ ಬರಹಗಳಲ್ಲಿ ಈ ವಿಧಿಯನ್ನು ಮಾನರಕ್ಷಣೆಯ ಪ್ರಾಚೀನ ನಿದರ್ಶನವಾಗಿ ನೋಡುವುದುಂಟು. ಯಾರ ಮಾನ ಎಂದು ಕೇಳಿದಾಗ ಚಿತ್ರ ಬೇರೆಯಾಗುತ್ತದೆ. ರಕ್ಷಣೆ ದೊರೆತದ್ದು ಕುಲಕ್ಕೆ. ಆ ಕುಲದ ಮಾನವನ್ನು ಹೊತ್ತವಳು ತಾಯಿ, ಆದರೆ ಪರಿಹಾರ ಪಡೆದವನು ಮಗ.

ಹಿಂತೆಗೆದುಕೊಳ್ಳುವ ವಿಧಾನ ಜಾನಪದ ದೃಷ್ಟಿಯಿಂದ ಇನ್ನೂ ಮಹತ್ವದ್ದು. ಅಪವಾದ ಹೊರಿಸಿದವನು ತಾನು ನಾಯಿಯಂತೆ ಸುಳ್ಳಾಡಿದೆನೆಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿತ್ತು. ಬೆಂಚಿನ ಅಥವಾ ಮೇಜಿನ ಕೆಳಗೆ ನುಸುಳಿ ನಾಯಿಯ ಹಾಗೆ ಬೊಗಳುವುದು ಇದರ ಪೂರ್ಣ ರೂಪ. ರಾಣಿ ಯಾದ್ವಿಗಾಳ ಶೀಲದ ಬಗ್ಗೆ ಅಪವಾದ ಹಬ್ಬಿಸಿದ ದಾಲೆವಿತ್ಸೆಯ ಗ್ನ್ಯೆವೊಷ್ ಎಂಬ ಅಧಿಕಾರಿ ವಿಷ್ಲಿತ್ಸಾದಲ್ಲಿ ಇದೇ ಶಿಕ್ಷೆಗೆ ಗುರಿಯಾದನೆಂದು ಹದಿನೈದನೆಯ ಶತಮಾನದ ಚರಿತ್ರಕಾರ ಯಾನ್ ದ್ವುಗೊಷ್ ಬರೆಯುತ್ತಾನೆ. ದ್ವುಗೊಷ್ ಘಟನೆಗೆ ಪ್ರತ್ಯಕ್ಷಸಾಕ್ಷಿಯಲ್ಲ. ಅವನು ಹುಟ್ಟಿದ್ದೇ 1415ರಲ್ಲಿ. ಆದರೆ ಅವನ ಓದುಗರಿಗೆ ಈ ಶಿಕ್ಷೆ ನಂಬಲರ್ಹವಾಗಿ ಕಂಡಿತ್ತು ಎಂಬುದೇ ಇಲ್ಲಿ ಮುಖ್ಯ. ಮಾತಿನಿಂದ ಇನ್ನೊಬ್ಬರ ಕುಲವನ್ನು ಕೆಳಗಿಳಿಸಿದವನು ತಾನೇ ಮನುಷ್ಯಕುಲದಿಂದ ಇಳಿದು, ನೆಲಮಟ್ಟದಲ್ಲಿ, ಮಾತಿಲ್ಲದ ಪ್ರಾಣಿಯ ದನಿಯಲ್ಲಿ ಅದನ್ನು ಸರಿಪಡಿಸಬೇಕು. ಇಡೀ ಆಚರಣೆ ಬೈಗುಳದ ತಿರುವುಮುರುವು ರೂಪ. 'ಒದ್‌ಷ್ಚೆಕಾಚ್', ಅಂದರೆ 'ತಿರುಗಿ ಬೊಗಳು', ಎಂಬ ಪೋಲಿಷ್ ಕ್ರಿಯಾಪದಕ್ಕೆ ಆಡಿದ ಮಾತನ್ನು ಹಿಂತೆಗೆದುಕೋ ಎಂಬ ಅರ್ಥ ಇಂದಿಗೂ ಇದೆ.

ಪೋಲಿಷ್ ಬೈಗುಳಗಳಲ್ಲಿ ನಾಯಿಯ ಪಾಲು ದೊಡ್ಡದು. 'ಪ್ಶಾಕ್ರೆವ್' (ನಾಯಿರಕ್ತ), 'ಪ್ಶಾಮಾಚ್' (ನಾಯಿತಾಯಿ), 'ಪ್ಸುಬ್ರಾತ್' (ನಾಯಿಯ ತಮ್ಮ) ಎಲ್ಲವೂ ವಂಶವನ್ನೇ ಹಿಡಿದು ಎಳೆಯುತ್ತವೆ. ಇವು ಇಂದು ಹಳತಾಗಿ, ಅಜ್ಜಂದಿರ ಬಾಯಲ್ಲಿ ಶೋಭಿಸುವಷ್ಟು ಮೃದುವಾಗಿವೆ. ಪೊಲೀಸರನ್ನು 'ನಾಯಿಗಳು' ಎನ್ನುವ ರೂಢಿಯೊಂದೇ ತನ್ನ ಹಳೆಯ ಮೊನೆಯನ್ನು ಉಳಿಸಿಕೊಂಡಿದೆ.

ಒಂದು ಪದದ ವ್ಯಾಪ್ತಿ

'ಕುರ್ವಾ' ಎಂಬ ಪದಕ್ಕೆ ಮೂಲಾರ್ಥ ಸೂಳೆ. ಸ್ಲಾವಿಕ್ ಭಾಷೆಗಳಲ್ಲೆಲ್ಲ ಇರುವ ಈ ಪದ ಹಂಗೇರಿಯನ್, ರುಮೇನಿಯನ್, ಲಿಥುವೇನಿಯನ್, ಯಿಡ್ಡಿಷ್ ಭಾಷೆಗಳಿಗೂ ದಾಟಿದೆ. ಇದರ ವ್ಯುತ್ಪತ್ತಿಯ ಬಗ್ಗೆ ಒಮ್ಮತವಿಲ್ಲ. ಕೋಳಿ ಎಂಬರ್ಥದ ಸ್ಲಾವಿಕ್ ಪದದಿಂದ ಬಂದಿತೆಂಬುದು ಒಂದು ಪಕ್ಷ. ಜರ್ಮಾನಿಕ್ ಮೂಲದ ಸಾಲವೆಂಬುದು ಇನ್ನೊಂದು. ಅದರ ಜೊತೆಗಾರನಾದ 'ಯೆಬಾಚ್' ಎಂಬ ಸಂಭೋಗವಾಚಕ ಕ್ರಿಯಾಪದದ ಮೂಲದಲ್ಲಿ ಇಂಥ ಗೊಂದಲವಿಲ್ಲ. ಅದು ಸಂಸ್ಕೃತ ಧಾತುಪಾಠದ 'ಯಭ್' ಧಾತುವಿನ ಸೋದರ. ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಹೊರಟ ಪದವೊಂದು ಒಂದೆಡೆ ವೈಯಾಕರಣರ ಪಟ್ಟಿಯಲ್ಲಿ ನಿಶ್ಚಿಂತೆಯಿಂದ ಕುಳಿತಿದೆ, ಇನ್ನೊಂದೆಡೆ ನಾಲ್ಕು ಜನರ ನಡುವೆ ಆಡಬಾರದ ಮಾತಾಗಿದೆ. ಅಶ್ಲೀಲತೆ ಪದದ ಧ್ವನಿಯಲ್ಲಾಗಲಿ ಅರ್ಥದಲ್ಲಾಗಲಿ ಹುಟ್ಟಿನಿಂದ ಬರುವುದಿಲ್ಲವೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇಂದಿನ ಆಡುಮಾತಿನಲ್ಲಿ 'ಕುರ್ವಾ' ಬೈಗುಳವಾಗಿ ಒಬ್ಬರನ್ನು ಗುರಿಯಾಗಿಸುವುದಕ್ಕಿಂತ ನೋವು, ಬೆರಗು, ಸಿಟ್ಟು, ಸಂತೋಷಗಳ ಉದ್ಗಾರವಾಗಿ ಬರುವುದೇ ಹೆಚ್ಚು. ಕೆಲವರ ಮಾತಿನಲ್ಲಿ ಅದು ಎಷ್ಟು ಸಲ ಬರುತ್ತದೆಂದರೆ ಪೋಲಿಷ್ ಜನರೇ ಅದನ್ನು ಅಲ್ಪವಿರಾಮ ಚಿಹ್ನೆಗೆ ಹೋಲಿಸಿ ನಗುತ್ತಾರೆ. ಅದನ್ನು ಆಡಲಾರದವರಿಗೆ ಮೊದಲ ಅಕ್ಷರವಷ್ಟೇ ಉಳಿದ ಮರೆಮಾತುಗಳ ಒಂದು ಸಾಲೇ ಇದೆ: 'ಕುರ್ದೆ', 'ಕುರ್ಚೆ' (ಕೋಳಿಮರಿ), 'ಕುರ್ಕಾ ವೊದ್ನಾ' (ನೀರುಕೋಳಿ). 'ನಾಯಿರಕ್ತ'ಕ್ಕೆ ಬದಲಾಗಿ 'ನಾಯಿಮೂಳೆ' ಎನ್ನುವುದೂ ಇದೇ ಬಗೆಯದು. ತಪ್ಪಿಸಿಕೊಂಡ ಮಾತನ್ನು ಕೇಳುಗ ಮನಸ್ಸಿನಲ್ಲೇ ಪೂರ್ತಿಮಾಡಿಕೊಳ್ಳುತ್ತಾನೆ.

'ಖಾಮ್' ಎಂಬ ಬೈಗುಳದ ಹಾದಿ ಬೇರೆ. ಬೈಬಲ್ಲಿನ ನೋಹನ ಮಗ ಹಾಮ್‌ನ ಹೆಸರಿನ ಪೋಲಿಷ್ ರೂಪವದು. ಕುಲೀನರು ಯಾಫೆತನ ಸಂತಾನ, ಜೀತದ ರೈತರು ಶಾಪಗ್ರಸ್ತ ಹಾಮ್‌ನ ಸಂತಾನ ಎಂಬ ವಾದ ಕುಲೀನವರ್ಗಕ್ಕೆ ಅನುಕೂಲವಾಗಿತ್ತು. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ವಾಲೆರಿಯನ್ ನೆಕಾಂದಾ ತ್ರೆಪ್ಕಾ ಎಂಬ ಸಣ್ಣ ಹಿಡುವಳಿಯ ಕುಲೀನನೊಬ್ಬ, ಕುಲೀನರೆಂದು ಸುಳ್ಳು ಹೇಳಿಕೊಂಡು ತಿರುಗುವವರ ಪತ್ತೆ ಹಚ್ಚುವುದನ್ನೇ ಬದುಕಿನ ಕೆಲಸ ಮಾಡಿಕೊಂಡು, ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಬರೆದ. 'ಲಿಬೆರ್ ಖಾಮೊರುಮ್', ಅಂದರೆ 'ಖಾಮರ ಪುಸ್ತಕ', ಎಂದು ಪ್ರಸಿದ್ಧವಾದ ಅದು ಅಚ್ಚಾದದ್ದು 1963ರಲ್ಲಿ. ಇಂದಿನ ಸಂಶೋಧಕರಿಗೆ ಅದು ಸಾಮಾಜಿಕ ಏರಿಳಿತದ ಅಮೂಲ್ಯ ಆಕರ. ಅದನ್ನು ಬರೆದವನಿಗೆ ಮಾತ್ರ ಅದು ಅಸಹ್ಯದ ಕಾರ್ಯವಾಗಿತ್ತು. ರಷ್ಯದ ಆಳ್ವಿಕೆಯಲ್ಲಿದ್ದ ಪೋಲಿಷ್ ರೈತರಿಗೆ ತಾವು ಉಳುವ ಭೂಮಿ 1864ರಲ್ಲಿ ಸ್ವಂತವಾಯಿತು. ಬೈಗುಳ ಮಾತ್ರ ಒರಟ, ನಡತೆಗೆಟ್ಟವ ಎಂಬರ್ಥದಲ್ಲಿ ಮುಂದುವರಿಯಿತು. ಮಾನವಶಾಸ್ತ್ರಜ್ಞ ಕಾತ್ಸ್ಪೆರ್ ಪೊಬ್ವೊತ್ಸ್ಕಿ ಜೀತದ ಚರಿತ್ರೆಯನ್ನು ಕುರಿತ ತನ್ನ 2021ರ ಗ್ರಂಥಕ್ಕೆ ಇದೇ ಪದದಿಂದ ಹುಟ್ಟಿದ 'ಖಾಮ್‌ಸ್ತ್ವೊ' ಎಂಬ ಹೆಸರಿಟ್ಟದ್ದು ಉದ್ದೇಶಪೂರ್ವಕ.

ಸಿಡಿಲಿನ ಹೆಸರಿನಲ್ಲಿ

ಪೋಲಿಷ್ ಭಾಷೆಯಲ್ಲಿ ಬೈಗುಳಕ್ಕಿರುವ 'ಪ್ಶೆಕ್ಲೆನ್‌ಸ್ತ್ವೊ' ಎಂಬ ಪದಕ್ಕೆ ಶಾಪ ಎಂಬ ಅರ್ಥವೂ ಇದೆ. ಹಳೆಯ ಪದರಗಳಲ್ಲಿ ಎರಡೂ ಒಂದೇ. ರೋಗವನ್ನು ಕರೆದು ಎದುರಾಳಿಯ ಮೇಲೆ ಬಿಡುವುದು ಅದರ ಸಾಮಾನ್ಯ ಕ್ರಮ. 1831ರಲ್ಲಿ, ಬಂಡಾಯವನ್ನು ಅಡಗಿಸಲು ಬಂದ ರಷ್ಯನ್ ಸೈನ್ಯದೊಡನೆ ಕಾಲರಾ ಪೋಲೆಂಡಿಗೆ ಕಾಲಿಟ್ಟಿತು. ಆ ರೋಗದ ಹೆಸರು ಇಂದಿಗೂ ದಿನಬಳಕೆಯ ಉದ್ಗಾರವಾಗಿದೆ. ಸಿಫಿಲಿಸ್ ರೋಗಕ್ಕೆ 'ಫ್ರೆಂಚ್' ಎಂಬುದರಿಂದ ಬಂದ 'ಫ್ರಾಂತ್ಸಾ' ಎಂಬ ಹೆಸರಿತ್ತು. ಅದೂ ಬೈಗುಳವಾಯಿತು, ವಿಶೇಷವಾಗಿ ಹೆಂಗಸರ ಮೇಲೆ. ಪಾರ್ಶ್ವವಾಯುವಿನ ಹೊಡೆತಕ್ಕಿದ್ದ ಜರ್ಮನ್ ಪದ 'ಷ್ಲಾಗ್' ಎಂಬ ರೂಪದಲ್ಲಿ ಪೋಲಿಷ್ ಶಾಪವಾಗಿದೆ.

ಮೇಲಣ ಸೈಲೀಷಿಯದಲ್ಲಿ ಈ ಜಾಗವನ್ನೆಲ್ಲ ಆವರಿಸಿರುವುದು 'ಪ್ಯೆರೊನ್'. ಪದಶಃ ಸಿಡಿಲು. ಕ್ರೈಸ್ತಪೂರ್ವ ಸ್ಲಾವರ ಗುಡುಗಿನ ದೇವತೆ ಪೆರುನ್ ಈ ಪದದ ಹಿಂದಿದ್ದಾನೆ. ಅವನನ್ನು ವೇದದ ಪರ್ಜನ್ಯನೊಡನೆ ಜೋಡಿಸುವ ವಾದವೂ ಇದೆ, ಆದರೆ ಅದು ವಿವಾದಾಸ್ಪದ. ಮೊದಲಿಗೆ ಇದು 'ನಿನಗೆ ಸಿಡಿಲು ಬಡಿಯ' ಎಂಬ ಶಾಪ. ಮುಂದೆ ಶಾಪಕ್ಕೆ ಗುರಿಯಾದವನೇ 'ಸಿಡಿಲು' ಆದ. 'ಪ್ಯೆರೊನ್ಯೆ!' ಎಂದು ಸಂಬೋಧನ ವಿಭಕ್ತಿಯಲ್ಲಿ ಕರೆದರೆ ಅದು ಹೊಡೆದಾಟಕ್ಕೆ ಮೊದಲ ಮಾತಾಗಬಹುದು, ಬಹುದಿನಗಳ ಮೇಲೆ ಕಂಡ ಗೆಳೆಯನ ಹೆಗಲ ಮೇಲೆ ಕೈಯಿಡುವ ಮಾತೂ ಆಗಬಹುದು. ಇದರ ವಿಶೇಷಣರೂಪ ಹವೆ, ಹಲ್ಲುನೋವು, ಮೇಲಧಿಕಾರಿ, ಒಳ್ಳೆಯ ಸಾರು ಎಲ್ಲಕ್ಕೂ ಸಲ್ಲುತ್ತದೆ. ಹಿರಿಯರ ಮುಂದೆ, ಮಕ್ಕಳ ಮುಂದೆ ಮೊದಲಕ್ಷರ ಬದಲಿಸಿ 'ಯೆರೊನಾ' ಎನ್ನುತ್ತಾರೆ. ದೇವತೆ ಮರೆತುಹೋಗಿದ್ದರೂ ಅವನ ಹೆಸರನ್ನು ನೇರವಾಗಿ ಎತ್ತಬಾರದೆಂಬ ಅಂಜಿಕೆಯ ನೆರಳು ಉಳಿದಂತಿದೆ.

ಮೇಲಣ ಸೈಲೀಷಿಯ ಕಲ್ಲಿದ್ದಲಿನ ನಾಡು. ಗಣಿಯ ಆಳದಲ್ಲಿ ನಿಧಿಯನ್ನೂ ಕೆಲಸಗಾರರನ್ನೂ ಕಾಯುವ 'ಸ್ಕಾರ್ಬ್‌ನಿಕ್' ಎಂಬ ಭೂತದ ಕತೆಗಳು ಅಲ್ಲಿ ಹೇರಳ. ಗಣಿಯೊಳಗೆ ಶಿಳ್ಳೆ ಹಾಕುವವರನ್ನೂ ಬೈಗುಳ ಆಡುವವರನ್ನೂ ಸ್ಕಾರ್ಬ್‌ನಿಕ್ ಸಹಿಸುವುದಿಲ್ಲ. ಶಿಳ್ಳೆಯ ನಿಷೇಧಕ್ಕೆ ಉಪಯೋಗದ ವಿವರಣೆ ಕೊಡಬಹುದು: ಚಾವಣಿಯ ಮರ ಬಿರಿಯುವ ಸದ್ದಿಗೆ ಕಿವಿ ತೆರೆದಿರಬೇಕಾದ ಜಾಗವದು. ಬೈಗುಳದ ನಿಷೇಧವನ್ನು ಹಾಗೆ ವಿವರಿಸಲಾಗದು. ಸಿಡಿಲನ್ನು ಕರೆಯುವ ಮಾತು ಮೇಲೆ ಬಯಲಿನಲ್ಲಿ ಬರಿಯ ಉದ್ಗಾರ. ಮೀಥೇನ್ ಅನಿಲ ಸಿಡಿಯಬಹುದಾದ ಕತ್ತಲಲ್ಲಿ ಅದು ಮತ್ತೆ ಶಾಪವಾಗುತ್ತದೆ. ಅದೇ ಸಮುದಾಯದಲ್ಲಿ ತಂದೆತಾಯಿಯರನ್ನು ಬಹುವಚನದಿಂದ ಮಾತಾಡಿಸುವ, ಅಜ್ಜ ಅಜ್ಜಿಯರನ್ನೂ ಪಾದ್ರಿಯನ್ನೂ ಪ್ರಥಮಪುರುಷ ಬಹುವಚನದಲ್ಲಿ 'ಅವರು' ಎಂದೇ ಎದುರಿಗೆ ಸಂಬೋಧಿಸುವ ಪದ್ಧತಿಯೂ ಇತ್ತೆಂಬುದನ್ನು ಮರೆಯಬಾರದು. ಸೈಲೀಷಿಯನ್ನರ ಮಾತು ಒರಟು ಎಂಬ ಹೊರಗಿನವರ ತೀರ್ಮಾನದಲ್ಲಿ ಈ ಅರ್ಧ ಬಿಟ್ಟುಹೋಗಿದೆ.

ಹೊರಗಿನವರ ತೀರ್ಮಾನಕ್ಕೆ ದೀರ್ಘ ಚರಿತ್ರೆಯಿದೆ. ಬೈಗುಳಕ್ಕೆ 60 ಗ್ರಿವ್ನ ದಂಡ ವಿಧಿಸಿದ ಅದೇ ಕಾಜಿಮೀರನ ಕಾಲದಲ್ಲಿ ಸೈಲೀಷಿಯ ಪೋಲಿಷ್ ಸಿಂಹಾಸನದ ಕೈತಪ್ಪಿ ಬೊಹೀಮಿಯಕ್ಕೆ ಸೇರಿತು. 1526ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನಕ್ಕೂ 1742ರಲ್ಲಿ ಬಹುಪಾಲು ಪ್ರಷ್ಯಕ್ಕೂ ಹೋಯಿತು. ಅಲ್ಲಿನ ಸ್ಲಾವಿಕ್ ನುಡಿಯನ್ನು ಜರ್ಮನರು 'ನೀರುಪೋಲಿಷ್', ಅಂದರೆ ನೀರು ಬೆರೆಸಿದ ಪೋಲಿಷ್, ಎಂದು ಹಳಿದರು. ಪೋಲಿಷ್ ವಿದ್ಯಾವಂತರಿಗೆ ಅದು ಜರ್ಮನ್ ಬೆರೆತು ಕೆಟ್ಟ ಉಪಭಾಷೆ. ಹೀಗೆ ಎರಡೂ ಕಡೆಯಿಂದ ಬೈಗುಳವಾದದ್ದು ಯಾವುದೋ ಒಂದು ಪದವಲ್ಲ, ಒಂದು ಜನದ ಇಡೀ ಮಾತು.

ಒಳಗಿನವರೂ ಸುಮ್ಮನಿರಲಿಲ್ಲ. ಬ್ರಿನಿತ್ಸಾ ಎಂಬ ಚಿಕ್ಕ ಹೊಳೆ ಸುಮಾರು ಒಂದು ಶತಮಾನ ಕಾಲ ಪ್ರಷ್ಯ ಮತ್ತು ರಷ್ಯ ಸಾಮ್ರಾಜ್ಯಗಳ ಗಡಿಯಾಗಿತ್ತು. ಹೊಳೆಯಾಚೆಯ ಕಲ್ಲಿದ್ದಲಿನ ಸೀಮೆಯವನು, ವಿಸ್ತಾರಾರ್ಥದಲ್ಲಿ ಸೈಲೀಷಿಯನ್ ಅಲ್ಲದ ಯಾವ ಪೋಲಿಷನೂ, 'ಗೊರೊಲ್'. ಅವನು ಸೈಲೀಷಿಯನ್ನನಿಗೆ ತಿರುಗಿಸಿ ಕೊಟ್ಟದ್ದು 'ಹಾನಿಸ್', ಹಾನ್ಸ್ ಎಂಬ ಜರ್ಮನ್ ಹೆಸರಿನಿಂದ ಬಂದದ್ದು. ಇವರಿಬ್ಬರ ಮದುವೆಯಲ್ಲಿ ಹುಟ್ಟಿದ ಕೂಸಿಗೆ 'ಕ್ರೊಯ್‌ತ್ಸೊಕ್', ಅಂದರೆ ಬೆರಕೆ ಎಂಬ ಹೆಸರು. ಇವುಗಳಿಗಿಂತ ಸೂಕ್ಷ್ಮವಾದ ವರ್ಗೀಕರಣವೂ ಇದೆ. ಅಲ್ಲಿಯೇ ಹುಟ್ಟಿ ಬೆಳೆದ ಮನೆತನದವನು 'ಪ್ನ್ಯೊಕ್' (ಮರದ ಬೊಡ್ಡೆ), ಬಂದು ಬೇರೂರಿದವನು 'ಕ್ಷೊಕ್' (ಪೊದೆ), ಬಂದು ದುಡಿದು ಹೋಗುವವನು 'ಪ್ತೊಕ್' (ಹಕ್ಕಿ). ಗಣಿಗಳ ಬೆಳವಣಿಗೆಯ ಜೊತೆಗೆ ನಡೆದ ವಲಸೆಯ ಇತಿಹಾಸವನ್ನು ಮೂರು ಪದಗಳಲ್ಲಿ ಹಿಡಿದ ಈ ಕ್ರಮ, ಬೈಗುಳವೆಂದು ತಳ್ಳಿಹಾಕುವ ಪದಕೋಶ ಎಷ್ಟು ಮಾಹಿತಿಯನ್ನು ಹೊತ್ತಿರಬಲ್ಲದೆಂಬುದನ್ನು ತೋರಿಸುತ್ತದೆ.

1921ರ ಮಾರ್ಚ್ 20ರಂದು ಮೇಲಣ ಸೈಲೀಷಿಯದಲ್ಲಿ ಜನಮತಗಣನೆ ನಡೆಯಿತು. ಸುಮಾರು 60 ಪ್ರತಿಶತ ಮತಗಳು ಜರ್ಮನಿಯ ಪರವಾಗಿಯೂ 40 ಪ್ರತಿಶತ ಪೋಲೆಂಡಿನ ಪರವಾಗಿಯೂ ಬಿದ್ದವು. ಮುಂದಿನ ವರ್ಷ ನಾಡು ಇಬ್ಭಾಗವಾಯಿತು. ಆ ಪ್ರಚಾರಕಾಲದಲ್ಲಿ ಪೋಲಿಷ್ ಪಕ್ಷದ ವಿಡಂಬನ ಪತ್ರಿಕೆಯ ಹೆಸರು 'ಕೊತ್ಸಿಂದೆರ್', ಜರ್ಮನ್ ಪಕ್ಷದ ವಿಡಂಬನ ಪತ್ರಿಕೆಯ ಹೆಸರು 'ಪ್ಯೆರೊನ್'. ಬರ್ಲಿನ್ನಿನ ಪರ ಮತ ಕೇಳುವವರಿಗೂ ಸೈಲೀಷಿಯನ್ನನ ಬಾಗಿಲು ತಟ್ಟಲು ಸ್ಲಾವಿಕ್ ಸಿಡಿಲಿನ ಬೈಗುಳವೇ ಬೇಕಾಯಿತು. ಶಿಷ್ಟ ಭಾಷೆಗಳೆರಡರಲ್ಲಿಯೂ ದೊರೆಯದ ಆಪ್ತತೆ ಅದರಲ್ಲಿತ್ತು. 1945ರ ನಂತರ ಪೂರ್ವದ ಸೀಮೆಗಳಿಂದ ನೆಲೆ ಕಳೆದುಕೊಂಡು ಬಂದ ಪೋಲಿಷರನ್ನು ಓಪೋಲೆಯ ಕಡೆ 'ಖಾಜ್ಯಾಯ್' ಎಂದು ಆಡಿಕೊಂಡರು. ಬಂದವರು ಸೈಲೀಷಿಯನ್ನರನ್ನು ಜರ್ಮನರೆಂದು ಹಳಿದರು. ಎರಡು ಬಗೆಯ ನಿರಾಶ್ರಿತತನ ಒಂದೇ ಬಾವಿಕಟ್ಟೆಯ ಬಳಿ ಎದುರಾದದ್ದು ಮೊದಲು ಹೆಸರುಗಳ ಮೂಲಕ. ಶಾಲೆಯಲ್ಲಿ ಸೈಲೀಷಿಯನ್ ಮಾತು ತಿದ್ದಬೇಕಾದ ತಪ್ಪಾಗಿತ್ತು. ಕಾಜಿಮ್ಯೆಷ್ ಕುತ್ಸ್‌ನ 1970 ಮತ್ತು 1972ರ ಚಲನಚಿತ್ರಗಳು ಅದನ್ನು ತೆರೆಯ ಮೇಲೆ ಗಂಭೀರವಾಗಿ ಕೇಳಿಸಿದವು. 2021ರ ಜನಗಣತಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಮನೆಮಾತು ಸೈಲೀಷಿಯನ್ ಎಂದು ಬರೆಸಿದರು. 2024ರ ಏಪ್ರಿಲಿನಲ್ಲಿ ಪೋಲಿಷ್ ಸಂಸತ್ತಿನ ಕೆಳಮನೆ ಅದನ್ನು ಪ್ರಾದೇಶಿಕ ಭಾಷೆಯೆಂದು ಮಾನ್ಯಮಾಡುವ ಮಸೂದೆ ಅಂಗೀಕರಿಸಿತು. ಮೇ ತಿಂಗಳಲ್ಲಿ ಅಧ್ಯಕ್ಷ ಆಂಜೆಯ್ ದೂದಾ ಅದನ್ನು ತಡೆದರು. 'ಹಾನಿಸ್' ಎಂಬ ಪದವನ್ನು ಯುವಕರು ಈಗ ತಾವಾಗಿಯೇ ಅಂಗಿಯ ಮೇಲೆ ಬರೆಸಿಕೊಳ್ಳುತ್ತಾರೆ.

ನಿಘಂಟು, ಕಾನೂನು, ಬೀದಿ

ಮುದ್ರಣ ಮತ್ತು ಚಲನಚಿತ್ರಗಳ ಮೇಲಿದ್ದ ಸರ್ಕಾರಿ ಪರಿಶೀಲನಾ ಕಚೇರಿ 1990ರಲ್ಲಿ ರದ್ದಾಯಿತು. ಎರಡು ವರ್ಷದ ಬಳಿಕ ಬಂದ 'ಪ್ಸಿ' (ನಾಯಿಗಳು) ಎಂಬ ಪೊಲೀಸ್ ಚಿತ್ರ ತನ್ನ ಮಾತಿನ ಒರಟುತನಕ್ಕೇ ಹೆಸರಾಯಿತು. 1995ರಲ್ಲಿ ಭಾಷಾವಿಜ್ಞಾನಿ ಮಾಚೆಯ್ ಗ್ರೊಖೊವ್‌ಸ್ಕಿ ಪೋಲಿಷ್ ಬೈಗುಳ ಹಾಗೂ ಅಶ್ಲೀಲಪದಗಳ ನಿಘಂಟನ್ನು ಪ್ರಕಟಿಸಿದರು. 2000ದಲ್ಲಿ ಜನಾಂಗಶಾಸ್ತ್ರಜ್ಞ ಲೂದ್ವಿಕ್ ಸ್ತೊಮ್ಮಾ ಹೀಗಳಿಕೆಯ ಪದಗಳ ಕೋಶವೊಂದನ್ನು ಹೊರತಂದರು. ಗ್ರೊಖೊವ್‌ಸ್ಕಿಯವರು ಮಾಡಿದ ವಿಂಗಡಣೆ ಉಪಯುಕ್ತವಾದುದು. ಎಲ್ಲಿ, ಯಾರ ಬಗ್ಗೆ ಆಡಿದರೂ ನಿಷಿದ್ಧವಾಗಿಯೇ ಉಳಿಯುವ ಪದಗಳು ಒಂದು ಬಗೆ. ಸೂಚಿಸುವ ವಸ್ತುವಿನ ಮುಜುಗರದಿಂದ ಮಾತ್ರ ನಿಷಿದ್ಧವಾಗುವವು ಇನ್ನೊಂದು ಬಗೆ. ಸೈಲೀಷಿಯನ್ ಪದಗಳನ್ನು ಪೋಲಿಷ್ ಅಳತೆಗೋಲಿನಲ್ಲಿ ತೂಗುವಾಗ ಈ ವಿಂಗಡಣೆಯೂ ಜಾರುತ್ತದೆ. ಶಿಶ್ನವಾಚಕವಾದ 'ಚುಲ್' ಸೈಲೀಷಿಯದಲ್ಲಿ ಪೆದ್ದನೆಂಬರ್ಥದಲ್ಲಿ ಸಲೀಸಾಗಿ ಓಡಾಡುತ್ತದೆ. ಅದರ ಪೋಲಿಷ್ ಸಮಾನಪದಕ್ಕೆ ಆ ಸಲುಗೆಯಿಲ್ಲ.

ಕಾನೂನಿನಲ್ಲಿ ನಿಷೇಧ ಉಳಿದಿದೆ. 1971ರ ಲಘು ಅಪರಾಧ ಸಂಹಿತೆಯ 141ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ಪದ ಬಳಸಿದವರಿಗೆ 1500 ಜ್ವೋತಿವರೆಗೆ ದಂಡ ವಿಧಿಸಬಹುದು. ಕಾಜಿಮೀರನ ಶಾಸನಕ್ಕೂ ಇದಕ್ಕೂ ಇರುವ ಅಂತರ ಗಮನಾರ್ಹ. ಅಲ್ಲಿ ಬೈಸಿಕೊಂಡ ಒಬ್ಬ ಕುಲೀನನಿದ್ದ. ಇಲ್ಲಿ ಯಾರೂ ಬೈಸಿಕೊಳ್ಳಬೇಕಾಗಿಲ್ಲ, ಪದವೇ ಅಪರಾಧ.

2020ರ ಅಕ್ಟೋಬರ್ 22ರಂದು ಪೋಲೆಂಡಿನ ಸಂವಿಧಾನ ನ್ಯಾಯಮಂಡಲಿ ಗರ್ಭಪಾತದ ಅವಕಾಶವನ್ನು ಬಹುಮಟ್ಟಿಗೆ ಇಲ್ಲವಾಗಿಸುವ ತೀರ್ಪು ನೀಡಿತು. ಮುಂದಿನ ವಾರಗಳಲ್ಲಿ ಲಕ್ಷಾಂತರ ಹೆಂಗಸರು ಬೀದಿಗಿಳಿದರು. ಅವರ ಬಹಳಷ್ಟು ಫಲಕಗಳ ಮೇಲೆ ಒಂದು ಪದವಿತ್ತು: 'ವಿಪ್ಯೆರ್ದಾಲಾಚ್'. ತೊಲಗಿ ಎನ್ನುವುದಕ್ಕೆ ಇರುವ ಅತ್ಯಂತ ಅಸಭ್ಯ ರೂಪವದು. ವ್ಯಾಕರಣದ ದೃಷ್ಟಿಯಿಂದ ಅದು ವಿಧ್ಯರ್ಥವಲ್ಲ, ತುಮುನ್ನಂತ. ಪೋಲಿಷ್‌ನಲ್ಲಿ ಸೈನಿಕರಿಗೆ ಆಜ್ಞೆ ಕೊಡುವ, ಕೆಳಗಿನವರನ್ನು ಗದರಿಸುವ ರೂಪ. ನೀನು, ನೀವು ಎಂಬ ಯಾವ ಸಂಬೋಧನೆಯ ಮರ್ಯಾದೆಯನ್ನೂ ಅದು ಉಳಿಸುವುದಿಲ್ಲ. ಆರುನೂರು ವರ್ಷಗಳ ದಾಖಲೆಗಳಲ್ಲಿ ಗಂಡಸರ ಜಗಳದ ಸರಕಾಗಿ, ತಾಯಿ, ಸೂಳೆ, ಹೆಣ್ಣುನಾಯಿಯಾಗಿ ಕಾಣಿಸಿಕೊಂಡ ಹೆಂಗಸರು ಆ ಪದಕೋಶವನ್ನು ಕೈಗೆತ್ತಿಕೊಂಡು ರಾಜ್ಯಾಧಿಕಾರದ ಕಡೆಗೆ ತಿರುಗಿಸಿದರು. ಹಿರಿಯ ಭಾಷಾಪಂಡಿತರಲ್ಲಿ ಕೆಲವರಿಗೆ ಇದು ಸಾರ್ವಜನಿಕ ಭಾಷೆಯ ಪತನವಾಗಿ ಕಂಡಿತು. ಸಭ್ಯ ಮಾತಿನಲ್ಲಿ ಕೇಳಿ ಕೇಳಿ ಸಾಕಾಯಿತೆಂಬುದು ಬೀದಿಯಲ್ಲಿದ್ದವರ ಉತ್ತರ. 141ನೆಯ ಕಲಮಿನಡಿ ಪೊಲೀಸರು ದೂರು ಹೂಡಿದ ಪ್ರಕರಣಗಳಿದ್ದವು, ಅವುಗಳಲ್ಲಿ ಕೆಲವನ್ನು ನ್ಯಾಯಾಲಯಗಳು ಕೈಬಿಟ್ಟವು. ದಾಖಲೆಗಾಗಿ ಆ ಕಡತಗಳಲ್ಲಿಯೂ ಪದವನ್ನು ಅದರ ಅಕ್ಷರ ಬಿಡದೆ ಬರೆಯಬೇಕಾಯಿತು.